ಅಂಗಿಯ ಮಡಿಕೆಯಲ್ಲಿದ್ದ ನಂಬರು

ಅರವತ್ತೈದರ ಯುದ್ಧ ಮುಗಿದ ಮರುವರ್ಷ, ಬೇಸಿಗೆ ಇನ್ನೂ ಬಲಿಯುವ ಮುಂಚೆ, ತುಮಕೂರಿನ ಶಿರಾ ಗೇಟಿನಲ್ಲಿದ್ದ ನನ್ನ ಹೊಲಿಗೆ ಅಂಗಡಿಯ ಮುಂದೆ ಒಂದು ಜಟಕಾ ನಿಂತಿತು. ಎರಡು ತಗಡಿನ ಟ್ರಂಕು ಇಳಿಸಿಕೊಂಡು ಒಬ್ಬ ನಿವೃತ್ತ ಸುಬೇದಾರರು ಒಳಗೆ ಬಂದರು. ಮುಖಪರಿಚಯವಿತ್ತು. ಬಲಗಾಲು ಸ್ವಲ್ಪ ಎಳೆಯುತ್ತಿದ್ದರು. ಕೂರಲು ಹೇಳಿದರೂ ಕೂರಲಿಲ್ಲ.

"ಮಾಸ್ಟ್ರೇ, ಹಿಂದಿನ ಮಹಾಯುದ್ಧದಲ್ಲಿ ನೀವು ಬೆಂಗ್ಳೂರಿನ ಡಿಪೋದಲ್ಲಿ ಹೊಲೀತಿದ್ರಂತೆ?"

"ಹೌದು. ಸಿಪಾಯಿಗಳ ಅಂಗಿ. ನಾಲ್ಕು ವರ್ಷ."

"ಹಂಗಾದ್ರೆ ಇವು ನಿಮ್ಮ ಕೈ ದಾಟಿ ಹೋದ ಬಟ್ಟೇನೇ ಇರಬೋದು. ತೆಗೆದು ನೋಡಿ."

ಟ್ರಂಕಿನ ಮುಚ್ಚಳ ಎತ್ತಿದಾಗ ನುಸಿಗುಳಿಗೆ, ಹಳೆಯ ಬೆವರು, ಇಲಿ ಹಿಕ್ಕೆ ಎಲ್ಲದರ ವಾಸನೆ ಒಟ್ಟಿಗೆ ಬಂತು. ಒಳಗೆ ಖಾಕಿ ಅಂಗಿಗಳು, ಒಂದೆರಡು ಉಣ್ಣೆಯ ಜರ್ಸಿ, ಪಟ್ಟಿ ಬಿಟ್ಟುಹೋದ ಟೋಪಿ. ಎಲ್ಲಕ್ಕೂ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯ ಮೇಲೆ ಒಂದೊಂದು ಹೆಸರು, ಊರು.

ಊರಿನ ಮಾಜಿ ಸೈನಿಕರು ಸೇರಿ ಒಂದು ಯುದ್ಧ ವಸ್ತುಸಂಗ್ರಹಾಲಯ ಮಾಡಲು ಹೊರಟಿದ್ದರು. ಹಳೆಯ ಕಟ್ಟಡವೊಂದರಲ್ಲಿ ಎರಡು ಕೋಣೆ ಸಿಕ್ಕಿತ್ತು. ಹೊಸ ಯುದ್ಧದ ಮಾತು ಎಲ್ಲರ ಬಾಯಲ್ಲೂ ಇದ್ದ ದಿನಗಳು ಅವು. ಆದರೆ ಇಪ್ಪತ್ತು ವರ್ಷದ ಹಿಂದೆ ಇದೇ ಜಿಲ್ಲೆಯಿಂದ ಬರ್ಮಾಕ್ಕೆ, ಮಲಯಾಕ್ಕೆ ಹೋಗಿ ಬಾರದವರ ಹೆಸರು ಯಾರೂ ಎತ್ತುತ್ತಿರಲಿಲ್ಲ. ಅವರ ಮನೆಗಳಿಗೆ ಸುಬೇದಾರರು ಕಾಗದ ಬರೆದಿದ್ದರು. ಕೆಲವರು ಪದಕ ಕಳಿಸಿದರು, ಕೆಲವರು ಪತ್ರ, ನೀರಿನ ಬಾಟಲಿ. ಬಟ್ಟೆಯನ್ನು ಏನು ಮಾಡಬೇಕೆಂದು ಸುಬೇದಾರರಿಗೆ ತಿಳಿದಿರಲಿಲ್ಲ. ಅದಕ್ಕೇ ನನ್ನಲ್ಲಿಗೆ ಬಂದಿದ್ದರು.

ನನಗೂ ತಿಳಿದಿರಲಿಲ್ಲ. ಹೊಸ ಬಟ್ಟೆ ಹೊಲಿಯುವುದು ಬೇರೆ, ಹಳೆಯ ಬಟ್ಟೆಯನ್ನು ಹಳೆಯದಾಗಿಯೇ ಉಳಿಸುವುದು ಬೇರೆ. ಅದನ್ನು ಕಲಿಯಲು ನಾನು ಒಬ್ಬರ ಮನಸ್ಸು ನೋಯಿಸಬೇಕಾಯಿತು.

ಮೊದಲು ಕೈಗೆತ್ತಿಕೊಂಡದ್ದು ಗುಬ್ಬಿಯ ಒಬ್ಬ ಲಾರಿ ಡ್ರೈವರನ ಜರ್ಸಿ. ಅಸ್ಸಾಮಿನ ಕಡೆ ತೀರಿಕೊಂಡವನು. ಎಡತೋಳಿನ ಮೇಲೆ ಅಂಗೈಯಗಲ ಇಂಜಿನ್ ಎಣ್ಣೆಯ ಕಲೆ ಇತ್ತು. ಅಂಟುವಾಳದ ನೊರೆಯಲ್ಲಿ ನೆನೆಸಿ, ಕಲೆಗೆ ಸೀಮೆಎಣ್ಣೆ ಉಜ್ಜಿ, ನೆರಳಲ್ಲಿ ಒಣಗಿಸಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದೆ. ಜರ್ಸಿ ಹೊಸದರಂತಾಯಿತು. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡೆ.

ಒಂದು ವಾರದ ನಂತರ ಆ ಡ್ರೈವರನ ತಂದೆ ಗುಬ್ಬಿಯಿಂದ ಬೆಳಗಿನ ಗಾಡಿಗೆ ಬಂದರು. ಮಗನ ವಸ್ತುವನ್ನು ಎಲ್ಲಿ ಇಟ್ಟಿದ್ದಾರೆಂದು ನೋಡುವ ಆಸೆ. ನಾನು ಜರ್ಸಿಯನ್ನು ಮೇಜಿನ ಮೇಲೆ ಹರಡಿದೆ. ಅವರು ತೋಳು ತಿರುಗಿಸಿ ನೋಡಿದರು, ಮತ್ತೆ ಆಚೆ ಮಗ್ಗುಲು ನೋಡಿದರು.

"ಇದ್ಯಾರ್ದು ಸಾಬ್ರೇ?"

"ನಿಮ್ಮ ಮಗನದೇ."

"ಇಲ್ಲಿ ಎಣ್ಣೆ ಇತ್ತಲ್ಲ."

"ತೆಗೆದಿದೀನಿ."

ಅವರು ಏನೂ ಬೈಯಲಿಲ್ಲ. "ರಜಾಕ್ಕೆ ಬಂದಾಗ ಅವ್ರಮ್ಮ ಒಗೀತೀನಿ ಕೊಡು ಅಂದ್ಳು. ಬ್ಯಾಡ ಕಣಮ್ಮ, ಇದು ನನ್ ಗಾಡಿ ಗುರ್ತು ಅಂದಿದ್ದ" ಎಂದರು. ಆ ತೋಳನ್ನು ಒಮ್ಮೆ ಮಡಿಸಿ, ಬಿಚ್ಚಿ, ಅಲ್ಲೇ ಬಿಟ್ಟು ಎದ್ದು ಹೋದರು. ಮತ್ತೆ ಬರಲಿಲ್ಲ.

ಆವತ್ತಿನಿಂದ ನಾನು ಯಾವುದನ್ನೂ ಒಗೆಯಲಿಲ್ಲ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯುವುದು, ಬಿಸಿಲಿಗಲ್ಲದೆ ಗಾಳಿಗೆ ಹರಡುವುದು, ನವೆದ ಜಾಗಕ್ಕೆ ಹಿಂದಿನಿಂದ ಬಟ್ಟೆ ಕೊಟ್ಟು ಸಣ್ಣ ಸೂಜಿಯಲ್ಲಿ ಹಿಡಿಸುವುದು, ಇಷ್ಟೇ. ಹಿಂದೆ ಕೊಡುವ ಕೋರಾ ಬಟ್ಟೆಯನ್ನು ಗಂಜಿ ಪೂರ್ತಿ ಹೋಗುವಂತೆ ಮೂರು ಸಲ ಒಗೆಯುತ್ತಿದ್ದೆ. ಗಂಜಿ ಇದ್ದರೆ ಹುಳು ಬರುತ್ತದೆ. ಅದೂ ಒಂದು ಪೆಟ್ಟು ತಿಂದೇ ಕಲಿತದ್ದು. ವಸ್ತುಗಳನ್ನಿಡುವ ಗಾಜಿನ ಪೆಟ್ಟಿಗೆಗಳ ಒಳಗೆ ಬಡಗಿ ಕೆಂಪು ಬಟ್ಟೆ ಅಂಟಿಸಲು ಮೈದಾ ಗೋಂದು ಬಳಸಿದ್ದ. ಹದಿನೈದು ದಿನದಲ್ಲಿ ಜಿರಳೆಗಳೂ ಬೆಳ್ಳಿಹುಳುಗಳೂ ಪೆಟ್ಟಿಗೆ ಸೇರಿ, ಎರಡು ಟೋಪಿಯ ಅಂಚು ತಿಂದುಹಾಕಿದ್ದವು. ಎಲ್ಲ ಕಿತ್ತು, ಬಿಸಿನೀರಲ್ಲಿ ತಿಕ್ಕಿ, ಮತ್ತೆ ಮೊದಲಿನಿಂದ ಶುರುಮಾಡಿದೆವು. ಉದ್ಘಾಟನೆಗೆ ಬೆಂಗಳೂರಿನಿಂದ ದೊಡ್ಡ ಅಧಿಕಾರಿ ಬರುವುದು ನಿಗದಿಯಾಗಿತ್ತು. ಒಂದು ತಿಂಗಳೂ ಉಳಿದಿರಲಿಲ್ಲ.

ಆಗ ಹಾಗಲವಾಡಿಯಿಂದ ಒಂದು ಕಾರ್ಡು ಬಂತು. ಊರಿನ ಮೇಷ್ಟರು ಯಾರೋ ಬರೆದುಕೊಟ್ಟದ್ದು. ಮಲಯಾದಲ್ಲಿ ಜಪಾನಿನವರ ಸೆರೆಯಲ್ಲಿ ಸತ್ತ ಸಿಪಾಯಿಯೊಬ್ಬನ ತಾಯಿಯ ಹತ್ತಿರ ಅವನ ಅಂಗಿ ಇದೆ, ಯಾರಾದರೂ ಬಂದರೆ ಕೊಡುತ್ತಾರೆ ಎಂದಿತ್ತು. ಕಾರ್ಡು ಓದಿ ಸುಬೇದಾರರು ಅದನ್ನು ನನ್ನ ಕಡೆ ಸರಿಸಿದರು.

"ಹೋಗಿ ಬರೋಣವಾ?" ಎಂದೆ.

"ನೀವು ಹೋಗಿ ಬನ್ನಿ ಮಾಸ್ಟ್ರೇ. ನನ್ನ ಕಾಲು ಆಗಲ್ಲ."

ಹಿಂದಿನ ವಾರವಷ್ಟೇ ಆ ಕಾಲಿನಲ್ಲಿ ಅವರು ಊರೆಲ್ಲ ಸುತ್ತಿದ್ದರು. ನಾನು ಹೆಚ್ಚು ಯೋಚಿಸಲಿಲ್ಲ.

ಗುಬ್ಬಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹಾಗಲವಾಡಿ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಎಪ್ಪತ್ತರ ಹತ್ತಿರ. ಕಣ್ಣು ಮಂಜಾಗಿತ್ತು. ನಾನು ಬಂದ ಕಾರಣ ಕೇಳಿ ಒಳಗೆ ಹೋಗಿ, ಬಿಳಿ ಪಂಚೆಯಲ್ಲಿ ಸುತ್ತಿದ ಗಂಟು ತಂದರು. ಬೇವಿನೆಲೆಯ ಪುಡಿ ಉದುರಿತು.

"ಯುದ್ಧ ಮುಗಿದ್ ಮ್ಯಾಕೆ ಒಬ್ಬ ಹವಾಲ್ದಾರ ತಂದುಕೊಟ್ಟ. ಇಲ್ಲೇ ನೀವು ಕುಂತಿರೋ ತಾವ ಕುಂತ್ಕಂಡು, ನೀರು ಕುಡ್ದ, ಅತ್ತ, ಹೋದ. ಇನ್ನೊಂದ್ ದಪ ಬತ್ತೀನಿ ಅಂದ. ಬರ್ನಿಲ್ಲ."

"ಇದನ್ನ ಕೊಟ್ಟರೆ ನಿಮಗೆ ಬೇಜಾರಾಗಲ್ವಾ ಅಜ್ಜಿ?"

"ನಾನಿನ್ನೆಷ್ಟು ದಿನ ಕಣಪ್ಪ. ನಾನ್ ಹೋದ್ರೆ ಇದ್ನ ಯಾರು ಮಡಗ್ತಾರೆ? ಮಾರ್ನಮಿ ಅಮಾಸೆಗೆ ಇದ್ನ ಮುಂದೆ ಇಟ್ಕಂಡು ನನ್ ಮಗುಂಗೆ ಎಡೆ ಇಕ್ತಿದ್ದೆ. ಒಂದ್ ವರ್ಸನೂ ತಪ್ಸಿಲ್ಲ." ಗಂಟನ್ನು ನನ್ನ ಕೈಗಿಟ್ಟು, ಆದರೆ ಬಿಡದೆ, ಹೇಳಿದರು: "ಒಂದ್ ಮಾತು. ಇದ್ರದು ಒಂದ್ ಹೊಲಿಗೆನೂ ಬಿಚ್ಬ್ಯಾಡಿ. ಅವ್ನೇ ಕೈಯಾರ ಹಾಕವ್ನೆ ಅಂದ್ನಂತೆ ಆ ಹವಾಲ್ದಾರ."

"ಬಿಚ್ಚಲ್ಲ ಅಜ್ಜಿ" ಎಂದೆ.

ಆ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.

ಅಂಗಡಿಯಲ್ಲಿ ಅಂಗಿಯನ್ನು ಹರಡಿದಾಗ ನೋಡಿದ ಮೊದಲ ವಿಷಯ, ಅದು ನಮ್ಮ ಡಿಪೋದ ಹೊಲಿಗೆ. ಜೇಬಿನ ಮೂಲೆಯ ಅಡ್ಡ ಹೊಲಿಗೆ ನೋಡಿದರೆ ನನಗೆ ತಿಳಿಯುತ್ತದೆ. ನನ್ನದೇ ಇರಬಹುದು, ಪಕ್ಕದ ಮಿಶಿನ್ನಿನವನದೂ ಇರಬಹುದು. ದೊಡ್ಡ ಅಳತೆಯ ಅಂಗಿ. ಅದನ್ನು ಗಿಡ್ಡನೆಯವನಿಗೆ ಆಗುವಂತೆ ಯಾರೋ ಆಮೇಲೆ ಚಿಕ್ಕದು ಮಾಡಿದ್ದರು. ತೋಳನ್ನು ಮೇಲಕ್ಕೆ ಮಡಿಸಿ, ಕೆಳಗಿನ ಅಂಚನ್ನು ಮೂರು ಬೆರಳಗಲ ಒಳಕ್ಕೆ ಮಡಿಸಿ, ಗೋಣಿಯಿಂದ ಎಳೆದ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿದ್ದರು. ಹೊಲಿಯಲು ಬಾರದವನ ಕೈ. ಸೂಜಿಯೂ ಸೂಜಿಯಲ್ಲ, ತಂತಿಯ ಚೂರಿರಬೇಕು, ತೂತುಗಳು ಅಷ್ಟು ದೊಡ್ಡವಿದ್ದವು. ಕಾಲರಿನ ಒಳಬದಿಯಲ್ಲಿ ಎರಡು ಬೆರಳು ಉದ್ದದ ಬಟ್ಟೆಯನ್ನು ಹರಿತವಾದ ಅಲಗಿನಿಂದ ಕತ್ತರಿಸಿ ತೆಗೆದಿದ್ದರು.

ಸಿಪಾಯಿಯ ನಂಬರನ್ನು ಕಾಲರಿನ ಒಳಗೆ, ಅಳಿಸದ ಕಪ್ಪು ಮಸಿಯಲ್ಲಿ ಬರೆಯುತ್ತಿದ್ದರು. ದೋಬಿಗೆ ಹೋದಾಗ ಬದಲಾಗಬಾರದೆಂದು ಕೆಳಗಿನ ಅಂಚಿನಲ್ಲೂ ಒಮ್ಮೆ ಬರೆಯುತ್ತಿದ್ದರು. ಕಾಲರಿನದು ಮಾತ್ರ ಹೋಗಿದೆ.

ಮಡಿಕೆಯನ್ನು ಬಿಚ್ಚುವ ಉದ್ದೇಶ ನನಗಿರಲಿಲ್ಲ. ಆದರೆ ಅದರೊಳಗೆ ಬೆಳ್ಳಿಹುಳು ಸೇರಿತ್ತು. ಬೆಳಕಿಗೆ ಹಿಡಿದಾಗ ಸಣ್ಣಸಣ್ಣ ತೂತು ಕಂಡವು. ಹಾಗೇ ಬಿಟ್ಟರೆ ಮಳೆಗಾಲದೊಳಗೆ ಆ ಅಂಚೇ ಇರುವುದಿಲ್ಲ. ಎರಡು ದಿನ ನೋಡಿದೆ. ಮೂರನೆಯ ದಿನ ಹೊಲಿಗೆಯ ಪ್ರತಿಯೊಂದು ತೂತಿನ ಜಾಗವನ್ನೂ ಕಾಗದದ ಮೇಲೆ ಗುರುತು ಮಾಡಿಕೊಂಡು, ದಾರ ತುಂಡಾಗದಂತೆ ಒಂದೊಂದೇ ಹೊಲಿಗೆ ಬಿಡಿಸಿದೆ. ಹುಳು ಹೊರಬಿತ್ತು. ಅದರ ಹಿಂದೆ ನಂಬರು ಕಂಡಿತು.

ಯಾರ ವಸ್ತು ಯಾವುದೆಂದು ಬರೆದಿಡುತ್ತಿದ್ದ ನಮ್ಮ ಪುಸ್ತಕದಲ್ಲಿ ಹಾಗಲವಾಡಿಯ ಸಿಪಾಯಿಯ ನಂಬರು ಇತ್ತು. ತೆಗೆದು ಹೋಲಿಸಿದೆ. ಅದು ಬೇರೆ, ಇದು ಬೇರೆ.

ಅಂಗಿಯನ್ನು ಹಾಗೇ ಬಟ್ಟೆಯಲ್ಲಿ ಮುಚ್ಚಿಕೊಂಡು ವಸ್ತುಸಂಗ್ರಹಾಲಯದ ಕೋಣೆಗೆ ಹೋದೆ. ಸುಬೇದಾರರು ಒಬ್ಬರೇ ಕೂತು ಪದಕಗಳ ಕಿಲುಬು ಉಜ್ಜುತ್ತಿದ್ದರು. ನಂಬರು ತೋರಿಸಿ, ಇದು ಯಾರದೆಂದು ಹಳೆಯ ಪಟ್ಟಿಯಲ್ಲಿ ನೋಡಬೇಕಲ್ಲ ಎಂದೆ. ಅವರು ಪಟ್ಟಿ ತೆಗೆಯಲಿಲ್ಲ.

"ಕುಣಿಗಲ್ಲಿನವನದು" ಎಂದರು. "ಕಾಲರಿನದು ನಾನೇ ಕತ್ತರಿಸಿದ್ದೆ, ವಾಪಸು ಬರುವಾಗ, ಹಡಗು ಮದ್ರಾಸು ಮುಟ್ಟೋ ಮುಂಚೆ. ಇಲ್ಲೂ ಇದೆ ಅನ್ನೋದು ಗೊತ್ತಿರಲಿಲ್ಲ."

ಅಜ್ಜಿಯ ಜಗಲಿಯಲ್ಲಿ ಕೂತು ಅತ್ತು ಹೋದ ಹವಾಲ್ದಾರ ಇವರೇ ಎಂದು ಆಗ ಹೊಳೆಯಿತು.

ಅವರು ಪದಕ ಕೆಳಗಿಟ್ಟು ನಿಧಾನವಾಗಿ ಹೇಳಿದರು. ಮೂವರೂ ಒಂದೇ ಕ್ಯಾಂಪಿನಲ್ಲಿದ್ದರು. ಹಾಗಲವಾಡಿಯವನಿಗೆ ಚಳಿಜ್ವರ. ಮೈಮೇಲೆ ಬಟ್ಟೆ ಇರಲಿಲ್ಲ, ಹರಿದು ಹೋಗಿತ್ತು. ಅದೇ ವಾರ ಬೇರೆ ದ್ವೀಪದಲ್ಲಿ ಕೆಲಸಕ್ಕೆ ಇಪ್ಪತ್ತು ಜನ ಗಟ್ಟಿಯಾಳುಗಳ ಹೆಸರು ಕೊಡಬೇಕೆಂದು ಜಪಾನಿನವರು ಹೇಳಿದರು. ಕುಣಿಗಲ್ಲಿನವನು ಆಳು ಎತ್ತರ, ಇನ್ನೂ ಗಟ್ಟಿಯಿದ್ದ. ಹಡಗು ಹತ್ತುವ ದಿನ ಅಂಗಿ ಬಿಚ್ಚಿ ಜ್ವರದವನ ಮೇಲೆ ಹೊದಿಸಿ ಹೋದ. ಜ್ವರ ಬಿಟ್ಟಾಗ ಇವನು ಅದನ್ನು ತನ್ನ ಅಳತೆಗೆ ಮಡಿಸಿ ಹೊಲಿದುಕೊಂಡ. ಎರಡು ತಿಂಗಳಿಗೆ ಮತ್ತೆ ಜ್ವರ ಬಂತು, ಅದರಲ್ಲೇ ಸತ್ತ. ಅವ್ವನಿಗೆ ಏನಾದರೂ ಕೊಡಿ ಅಂದಿದ್ದ. ಕೊಡಲು ಆ ಅಂಗಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಇನ್ನೊಬ್ಬನ ನಂಬರು ಅಂತ ಗೊತ್ತಾದ್ರೆ ಆಯಮ್ಮ ನಂಬ್ತಾಳಾ? ಅದಕ್ಕೆ ಕತ್ತರಿಸ್ದೆ."

"ಕುಣಿಗಲ್ಲಿನವರು?"

"ಹಡಗು ಹೋಗಿ ಮುಟ್ಟಿದ ಸುದ್ದಿ ಬರಲಿಲ್ಲ. ಪಟ್ಟಿಯಲ್ಲಿ ಪತ್ತೆಯಿಲ್ಲ ಅಂತ ಬರೆದವ್ರೆ."

"ಅವರ ಮನೆಗೆ ನೀವು ಹೋಗಲಿಲ್ವಾ?"

ಅವರು ನೆಲ ನೋಡುತ್ತಾ ಹೇಳಿದರು. "ಆ ಇಪ್ಪತ್ತು ಹೆಸರು ಬರೆದುಕೊಟ್ಟೋನು ನಾನು, ಮಾಸ್ಟ್ರೇ. ಏನಂತ ಹೋಗ್ಲಿ?"

ಹೊರಗೆ ಬಡಗಿ ಹಲಗೆ ಕೊಯ್ಯುತ್ತಿದ್ದ. ಕೊನೆಗೆ ಅವರೇ, "ಹೊಲಿದುಬಿಡಿ. ಅಜ್ಜಿ ನಂಬ್ಕೊಂಡವ್ರೆ. ಇಪ್ಪತ್ತು ವರ್ಷದ ಮೇಲೆ ಯಾರಿಗೆ ಏನಾಗ್ಬೇಕು" ಎಂದರು.

ಹೊಲಿದೆ. ಗುರುತು ಮಾಡಿದ ಕಾಗದ ಮುಂದಿಟ್ಟುಕೊಂಡು, ಅದೇ ದಾರವನ್ನು ಅದೇ ತೂತುಗಳಲ್ಲಿ ಪೋಣಿಸಿ, ಮಡಿಕೆಯನ್ನು ಮೊದಲಿದ್ದ ಹಾಗೆ ಮುಚ್ಚಿದೆ. ನನ್ನ ಕೈಯಲ್ಲಿ ಅಷ್ಟು ನಾಜೂಕಾದ ಕೆಲಸ ಹಿಂದೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಯಾರು ನೋಡಿದರೂ ತಿಳಿಯುವಂತಿರಲಿಲ್ಲ.

ಮರುದಿನ ಮಧ್ಯಾಹ್ನ ಮನೆಗೆ ಊಟಕ್ಕೆ ಹೋದವನು ಅರ್ಧಕ್ಕೇ ಕೈ ತೊಳೆದೆ. ಹೆಂಡತಿ ಏನೆಂದು ಕೇಳಿದಳು. ಎಲ್ಲ ಹೇಳಿದೆ. ಅವಳು ನಮ್ಮ ಮನೆಮಾತಿನಲ್ಲಿ ಕೇಳಿದ್ದು ಇಷ್ಟೇ: ಆ ಕುಣಿಗಲ್ಲಿನವನಿಗೆ ಹೆಂಡತಿ ಇದ್ದಾಳಾ?

ಗೊತ್ತಿಲ್ಲ ಎಂದೆ.

ಗೊತ್ತಿಲ್ಲದೆಯೇ ಹೊಲಿದುಬಿಟ್ಟಿರಾ, ಎಂದಳು.

ಅಂಗಡಿಗೆ ವಾಪಸು ಬಂದು ಮಡಿಕೆಯನ್ನು ಮತ್ತೆ ಬಿಚ್ಚಿದೆ. ಸಂಜೆ ಸುಬೇದಾರರ ಮನೆಗೆ ಹೋಗಿ, ಈ ಅಂಗಿಯನ್ನು ಒಂದು ಹೆಸರು ಬರೆದು ಪೆಟ್ಟಿಗೆಯಲ್ಲಿಡಲು ನನ್ನಿಂದ ಆಗುವುದಿಲ್ಲ, ಬೇರೆ ದರ್ಜಿಯನ್ನು ನೋಡಿಕೊಳ್ಳಿ ಎಂದೆ. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಬಾಗಿಲಲ್ಲಿ ನಿಂತೇ ಕೇಳಿದರು:

"ನೀವೂ ಬರ್ತೀರಾ ಕುಣಿಗಲ್ಲಿಗೆ?"

"ಬರ್ತೀನಿ."

ಕುಣಿಗಲ್ಲಿಗೆ ಬೆಳಗಿನ ಬಸ್ಸಿಗೆ ಹೋದೆವು. ದಾರಿಯುದ್ದಕ್ಕೂ ಸುಬೇದಾರರು ಅಂಗಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅದರ ಮೇಲಿಟ್ಟಿದ್ದರು. ಅವನಿಗೆ ಹೆಂಡತಿ ಇದ್ದರು. ಕೆರೆಯ ಈಚೆ ಒಂದು ಬೀದಿಯಲ್ಲಿ, ನಾದಿನಿಯ ಮನೆಯಲ್ಲಿ ಇದ್ದುಕೊಂಡು, ಕುದುರೆ ಸಾಕುವ ಫಾರಂಗೆ ಹುಲ್ಲು ಕುಯ್ಯಲು ಹೋಗುತ್ತಿದ್ದರು. ನಾವು ಹೋದಾಗ ಹುಲ್ಲಿನ ಹೊರೆ ಇಳಿಸಿ ಆಗಷ್ಟೇ ಬಂದಿದ್ದರು. ನಲವತ್ತು ದಾಟಿದ ಹೆಂಗಸು. ಹಣೆಯಲ್ಲಿ ಕುಂಕುಮವಿತ್ತು. ಕೈತುಂಬ ಹಸಿರು ಬಳೆ. ಅದನ್ನು ನೋಡಿ ಸುಬೇದಾರರು ಬಾಗಿಲ ಹೊರಗೇ ನಿಂತರು.

"ಒಳೀಕೆ ಬನ್ನಿ ಸ್ವಾಮಿ. ಯಾವೂರು?"

ತುಮಕೂರಿನಿಂದ, ಮಿಲಿಟರಿಯವರ ಕಡೆಯಿಂದ ಎಂದೆ. ಅವರ ಕೈ ತಟ್ಟನೆ ಸೆರಗಿಗೆ ಹೋಯಿತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಆ ಕ್ಷಣಕ್ಕೆ ಅವರು ಎಷ್ಟು ವರ್ಷದಿಂದ ಕಾದಿದ್ದರೆಂದು ನನಗೆ ಅರಿವಾಯಿತು.

"ಸಿಕ್ಕಿದ್ರಾ?" ಎಂದರು.

ಸುಬೇದಾರರು ತಲೆಯಾಡಿಸಿದರು. ಇಲ್ಲ. ಆಮೇಲೆ ಚಾಪೆಯ ಮೇಲೆ ಕೂತು ಕ್ಯಾಂಪಿನ ಕಥೆ ಹೇಳಿದರು. ಜ್ವರದ ಹುಡುಗ, ಅಂಗಿ, ಹಡಗು. ಪಟ್ಟಿಯ ಮಾತು ಬರಲಿಲ್ಲ. ಇಪ್ಪತ್ತು ಜನರನ್ನ ಕರ್ಕೊಂಡು ಹೋದ್ರು ಎಂದಷ್ಟೇ ಹೇಳಿದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ.

ನಾನು ಗಂಟು ಬಿಚ್ಚಿ, ಮಡಿಕೆಯೊಳಗಿನ ನಂಬರು ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಒಳಗೆ ಹೋಗಿ ಹಳೆಯ ಒಂದು ಪತ್ರದ ಕವರು ತಂದು, ಅದರ ಮೇಲಿನ ಅಂಕಿಗಳನ್ನೂ ಬಟ್ಟೆಯ ಮೇಲಿನ ಅಂಕಿಗಳನ್ನೂ ಬೆರಳಿಟ್ಟು ಒಂದೊಂದಾಗಿ ಹೊಂದಿಸಿ ನೋಡಿದರು. ಆಕಾರ ಎಲ್ಲ ಹೊಂದಿತು.

"ಇದ್ನ ಆ ಹುಡುಗಂಗೆ ಕೊಟ್ಬುಟ್ಟು, ಇವ್ರು ಬರೀ ಮೈಲಿ ಹೋದ್ರಾ?"

ಸುಬೇದಾರರು ತಡಮಾಡದೆ ಹೇಳಿದರು: "ಬನಿಯನ್ ಇತ್ತಮ್ಮ."

"ತೂತು ಬಿದ್ದಿತ್ತಾ?"

"ಇಲ್ಲ. ಚೆನ್ನಾಗಿತ್ತು."

ಬನಿಯನ್ ಇರಲಿಲ್ಲವೆಂದು ಅವರು ನನಗೆ ಆಮೇಲೆ ಬಸ್ಸಿನಲ್ಲಿ ಹೇಳಿದರು.

ಆಕೆ ಅಂಗಿಯನ್ನು ಕೇಳಿಯಾರೆಂದು ನನಗೆ ಭಯವಿತ್ತು. ಕೇಳಿದ್ದರೆ ಕೊಡುವುದೇ ನ್ಯಾಯ. ಆದರೆ ಹಾಗಲವಾಡಿಯ ಅಜ್ಜಿಗೆ ಏನು ಹೇಳುವುದು? ನಾನು ಬಿಡಿಸಿದ್ದ ಅಂಚನ್ನು ಆ ಹೆಂಗಸು ನೇರ ಮಾಡಿ, ಹೊಲಿಗೆಯ ತೂತುಗಳ ಮೇಲೆ ಬೆರಳಾಡಿಸಿ, ಅಂಗಿಯನ್ನು ತಾವೇ ಮಡಿಸಿ ನನ್ನ ಕಡೆ ಸರಿಸಿದರು.

"ಆ ತಾಯಿ ತಾವ್ಲೇ ಇರ್ಲಿ ಅಣ್ಣ. ಕೊಟ್ಟಿದ್ನ ಈಸ್ಕಂಡ್ರೆ ಚೆನ್ನಾಗಿರಕಿಲ್ಲ."

"ತುಮಕೂರಲ್ಲಿ ಗಾಜಿನ ಪೆಟ್ಟಿಗೆಯಲ್ಲಿಡ್ತೀವಿ ಅಮ್ಮ. ನಿಮ್ಮ ಯಜಮಾನರ ಹೆಸರೂ ಬರೆಯೋಣ ಅಂತ."

"ಏನಂತ ಬರೀತೀರಾ?"

ವಸ್ತುಸಂಗ್ರಹಾಲಯದ ಗೋಡೆಯ ಮೇಲಿದ್ದವೆಲ್ಲ ಸತ್ತವರ ಹೆಸರು.

"ತೀರ್ಕಂಡ್ರು ಅಂತ ನೀವು ಕಂಡಿಲ್ಲ, ನಾನೂ ಕಂಡಿಲ್ಲ. ಅಂಗಿ ಕೊಟ್ರು ಅಂತ ಬರೀರಿ. ಅದು ನಿಜ ತಾನೆ? ಅಷ್ಟು ಬರೀರಿ."

ಹಾಗಲವಾಡಿಗೆ ಎರಡನೆಯ ಸಲ ಹೋದಾಗ ಸುಬೇದಾರರೂ ಬಂದರು. ಅಜ್ಜಿಗೆ ಅವರ ಮುಖ ಕಾಣಿಸಲಿಲ್ಲ. ದನಿಯಿಂದಲೇ, "ಓ, ಹವಾಲ್ದಾರಪ್ಪ. ಬತ್ತೀನಿ ಅಂದಿದ್ದೆ, ಈಗ ಬಂದಾ" ಎಂದರು. ಹೊಲಿಗೆ ಬಿಚ್ಚಿದೆನೆಂದು ಮೊದಲು ನಾನೇ ಒಪ್ಪಿಕೊಂಡೆ. ಕಾರಣವನ್ನೂ ಹೇಳಿದೆ. ಉಳಿದುದನ್ನು ಸುಬೇದಾರರು ಹೇಳಿದರು.

ಅಜ್ಜಿ ಅಂಗಿಯ ವಿಷಯಕ್ಕೆ ದುಃಖಪಡುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಆದದ್ದು ದಿಗಿಲು.

"ಆಯಮ್ಮ ಮುತ್ತೈದೆ ಅಂತೀರಾ? ಅಯ್ಯೋ ಸಿವ್ನೇ. ಅವಳ ಗಂಡನ ಬಟ್ಟೆ ಇಟ್ಕಂಡು ಇಪ್ಪತ್ ವರ್ಸ ಎಡೆ ಇಕ್ಕಿದೀನಲ್ಲ. ಬದುಕಿರೋನಿಗೆ ಇಕ್ಕಿದಂಗಾಯ್ತಾ?"

"ನಿಮ್ಮ ಮಗನ್ನ ನೆನೆಸ್ಕೊಂಡು ತಾನೆ ಇಟ್ಟದ್ದು ಅಜ್ಜಿ" ಎಂದೆ.

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಹುಣಸೆಬೀಜಗಳನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡುತ್ತಿದ್ದರು. ಆಮೇಲೆ ಸುಬೇದಾರರ ಕಡೆ ತಿರುಗಿ ಕೇಳಿದರು: "ಪ್ರಾಣ ಹೋಗೋವಾಗ ನನ್ ಮಗನ ಮೈಮ್ಯಾಲೆ ಇದಿತ್ತಾ?"

"ಇತ್ತವ್ವ."

"ಬರೀ ಮೈಲಿ ಹೋಗ್ಲಿಲ್ಲ ಹಂಗಾದ್ರೆ." ಬೀಜಗಳನ್ನು ಬದಿಗೆ ಸರಿಸಿ, "ಆಯಮ್ಮಂಗೆ ಹೇಳಿ. ನನ್ ಮಗ ಬೆಚ್ಚಗೆ ಹೋದ ಅಂತ ಹೇಳಿ" ಎಂದರು. ಎದ್ದು ಒಳಗೆ ಹೋದವರು ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ.

ಅಂಗಿಯನ್ನು ಕೋರಾ ಬಟ್ಟೆಯ ಮೇಲೆ ಹರಡಿ ಕೂರಿಸಿದೆ. ಎಡಭಾಗದಲ್ಲಿ ಹಾಗಲವಾಡಿಯವನು ಹಾಕಿದ ಮಡಿಕೆ, ಹೊಲಿಗೆ, ಗೋಣಿದಾರ ಹಾಗೇ ಇರುವಂತೆ ಮತ್ತೆ ಹೊಲಿದೆ. ಬಲಭಾಗದಲ್ಲಿ ಅಂಚನ್ನು ಇಳಿಬಿಟ್ಟು ನಂಬರು ಕಾಣುವಂತೆ ಬಿಟ್ಟೆ. ತೋಳಿಗೆ ಒಳಗಿನಿಂದ ಹತ್ತಿಯ ಸಣ್ಣ ಸುರುಳಿ ಕೊಟ್ಟೆ, ಚಪ್ಪಟೆಯಾಗಿ ಬಿದ್ದಿರಬಾರದೆಂದು. ಕತ್ತರಿಸಿದ ಕಾಲರಿಗೆ ತೇಪೆ ಹಾಕಲಿಲ್ಲ. ಸುಬೇದಾರರೇ ಹಾಕಬೇಡಿ ಎಂದರು. ಪೆಟ್ಟಿಗೆಯ ಕಾರ್ಡನ್ನು ಅವರು ಏಳೆಂಟು ಸಲ ಬರೆದು ಹರಿದರು. ಕೊನೆಗೆ ಉಳಿದದ್ದು ಇಷ್ಟು: ಕುಣಿಗಲ್ಲಿನ ಸಿಪಾಯಿ ಇದನ್ನು ಹಡಗು ಹತ್ತುವ ದಿನ ಕೊಟ್ಟರು. ಹಾಗಲವಾಡಿಯ ಸಿಪಾಯಿ ಇದನ್ನು ತೊಟ್ಟು ತೀರಿಕೊಂಡರು. ಕೆಳಗೆ ಎರಡು ಹೆಸರು.

ಉದ್ಘಾಟನೆಯ ದಿನ ಜನ ಬಹಳ ಸೇರಿದರು. ಅಧಿಕಾರಿ ಬಂದರು, ರಿಬ್ಬನ್ ಕತ್ತರಿಸಿದರು, ಹೊಸ ಯುದ್ಧದ ಬಗ್ಗೆ ಮಾತಾಡಿದರು, ಕಾಫಿ ಕುಡಿದು ಹೋದರು. ಅಜ್ಜಿಗೆ ಬರಲಾಗಲಿಲ್ಲ. ಕುಣಿಗಲ್ಲಿನ ಹೆಂಗಸು ಜನ ಕರಗಿದ ಮೇಲೆ, ಮೂರು ಗಂಟೆಯ ಸುಮಾರಿಗೆ, ನಾದಿನಿಯ ಜೊತೆ ಬಂದರು. ಪೆಟ್ಟಿಗೆಯ ಮುಂದೆ ನಿಂತರು. ನಾನು ಕಾರ್ಡನ್ನು ಓದಿ ಹೇಳಿದೆ. ಅಜ್ಜಿ ಹೇಳಿಕಳಿಸಿದ ಮಾತನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಗಾಜಿನ ಮೇಲೆ ಕೈಯಿಟ್ಟರು, ಗಾಜು ಮಾಸುತ್ತದೆಂದು ತಾವೇ ಸೆರಗಿನಿಂದ ಒರೆಸಿದರು.

ನಂತರ ಅವರು ಸುಬೇದಾರರನ್ನು ಕೇಳಿದರು. ದನಿ ಎತ್ತರಿಸಲಿಲ್ಲ.

"ಇಪ್ಪತ್ ಜನ್ವ ಕರ್ಕಂಡು ಹೋದ್ರು ಅಂದ್ರಲ್ಲ. ಇವ್ರೇ ಬೇಕು ಅಂತ ಆ ಜಪಾನಿನೋರಿಗೆ ಹೆಂಗ್ ಗೊತ್ತಾಯ್ತು?"

ಸುಬೇದಾರರ ಮೈಮೇಲೆ ಆವತ್ತು ಪದಕಗಳಿದ್ದವು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾನು ಬರೆದುಕೊಟ್ಟೆ, ಅಮ್ಮ."

ನಾದಿನಿ ಏನೋ ಹೇಳಲು ಬಾಯಿ ತೆರೆದರು. ಆ ಹೆಂಗಸು ನಾದಿನಿಯ ಮೊಣಕೈ ಹಿಡಿದು ತಡೆದರು. ಸುಬೇದಾರರ ಮುಖವನ್ನೇ ನೋಡುತ್ತಾ ನಿಂತರು. ಅಲ್ಲಿ ಏನು ಕಂಡಿತೋ ನನಗೆ ತಿಳಿಯದು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.

"ಇನ್ನುಳಿದ ಹತ್ತೊಂಬತ್ ಜನ. ಅವ್ರ ಹೆಸ್ರು ನೆಪ್ಪೈತಾ?"

"ಎಲ್ಲಾ ನೆನಪಿದೆ."

"ಅವ್ರ ಮನೇಗೆ ಹೋಗಿದ್ರಾ?"

"ಇಲ್ಲ."

"ಹೋಗಿ" ಎಂದರು. ನಾದಿನಿಯನ್ನು ಕರೆದುಕೊಂಡು ಬಸ್ಸಿನ ಹೊತ್ತಾಯಿತೆಂದು ಹೊರಟರು.

ಸುಬೇದಾರರು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತರು. ಬರ್ಕೊಳಿ ಎಂದರು. ಜೇಬಿನಲ್ಲಿದ್ದದ್ದು ನನ್ನ ಅಳತೆ ಪುಸ್ತಕ. ಅದರಲ್ಲೇ ಬರೆದುಕೊಂಡೆ. ಹೆಸರು, ತಂದೆಯ ಹೆಸರು, ಊರು. ಅವರು ತಡವರಿಸದೆ ಹೇಳುತ್ತಾ ಹೋದರು, ಪ್ರತಿದಿನ ಬೆಳಗ್ಗೆ ಹಾಜರಿ ಕೂಗಿದವರ ಹಾಗೆ. ಅವರಲ್ಲಿ ನಮ್ಮ ಜಿಲ್ಲೆಯವರು ಹತ್ತು ಜನ.

ಆ ಮಳೆಗಾಲದಲ್ಲಿ ನಾವಿಬ್ಬರೂ ಆರು ಮನೆಗೆ ಹೋದೆವು. ಕೆಲವು ಕಡೆ ಕೂರಿಸಿ ಊಟ ಹಾಕಿದರು. ಒಂದು ಕಡೆ ಬಾಗಿಲಿನಿಂದ ಆಚೆ ಹಾಕಿದರು. ಒಂದು ಮನೆಯಲ್ಲಿ ಆ ಹೆಸರು ಗೊತ್ತಿದ್ದವರೇ ಉಳಿದಿರಲಿಲ್ಲ. ಎಲ್ಲ ಕಡೆಯೂ ಸುಬೇದಾರರು ಪಟ್ಟಿಯ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದರು. ಯಡಿಯೂರಿನ ಪಕ್ಕದ ಹಳ್ಳಿಯೊಂದಕ್ಕೆ ಹೋಗುವುದೆಂದು ಮಾತಾಗಿದ್ದ ವಾರ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ನೋಡಲು ಹೋದರೆ ಎಡಗೈ ಬೆರಳಿನಿಂದ, ಅಳತೆ ಪುಸ್ತಕವಿದ್ದ ನನ್ನ ಜೇಬನ್ನು ಮುಟ್ಟುತ್ತಿದ್ದರು. ಏಳನೆಯ ಮನೆಗೆ ನಾನೊಬ್ಬನೇ ಹೋದೆ.

ಮಣ್ಣಿನ ಮನೆ. ಬಾಗಿಲು ತೆಗೆದವರು ಆ ಸಿಪಾಯಿಯ ತಂದೆ. ಬೆನ್ನು ಪೂರ್ತಿ ಬಾಗಿತ್ತು. ಮಗನ ಹೆಸರು ಹೇಳಿದೆ. ಅವರು ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನೀವು ಅವನ್ ಜೊತೇಲಿದ್ರಾ?"

"ಇಲ್ಲ ಅಪ್ಪಾರೇ. ಜೊತೇಲಿದ್ದವರು ಕಾಯಿಲೆ ಬಿದ್ದಿದಾರೆ. ಅವರು ಹೇಳಿದ್ದನ್ನ ಹೇಳೋಕೆ ಬಂದೆ."

ಅವರು ಒಳಗೆ ಹೋಗಿ ಚಾಪೆ ತಂದು, ಕೊಡವಿ, ಹಾಸಿದರು. ಚೊಂಬಿನಲ್ಲಿ ನೀರಿಟ್ಟರು. ಎದುರಿಗೆ ಗೋಡೆ ಹಿಡಿದು ನಿಧಾನವಾಗಿ ಕೂತುಕೊಂಡರು.

"ಮೊದ್ಲಿಂದ ಹೇಳಿ" ಎಂದರು.